ಚಿಕ್ಕಮ್ಮನ ಪುಟ

ಆಸ್ಪತ್ರೆಯ ಹಳೇ ಫೈಲುಗಳ ಕೋಣೆಯನ್ನು ಇಪ್ಪತ್ತಾರು ವರ್ಷದಿಂದ ನೋಡಿಕೊಳ್ಳುತ್ತಿದ್ದವಳನ್ನು ಎಲ್ಲರೂ ರೆಕಾರ್ಡಕ್ಕ ಅಂತಲೇ ಕರೆಯುತ್ತಿದ್ದರು. ಒಂದು ದಿನ ಮೆದುಳಿನ ಶಸ್ತ್ರಚಿಕಿತ್ಸೆ ವಿಭಾಗದ ದೊಡ್ಡ ಡಾಕ್ಟರು ತಾವೇ ಅಲ್ಲಿಗೆ ಬಂದರು. ಈಗಿನವರಿಗೆ ತಮ್ಮ ವಿದ್ಯೆ ಎಲ್ಲಿಂದ ಬಂತು ಅನ್ನೋದೇ ಗೊತ್ತಿಲ್ಲ, ತಿಂಗಳಿಗೊಂದು ಇತಿಹಾಸದ ತರಗತಿ ಶುರುಮಾಡುತ್ತೇನೆ, ವಿಭಾಗ ಕಟ್ಟಿದ ನಮ್ಮ ಗುರುಗಳ ಕಾಲದ ಆಪರೇಷನ್ ಪುಸ್ತಕಗಳನ್ನು ಹುಡುಕಿಕೊಡಿ ಎಂದರು. ಅವಳಿಗೆ ಖುಷಿಯಾಯಿತು. ಆ ಕಪಾಟಿನ ಕಡೆ ಅಲ್ಲಿಯವರೆಗೆ ಒಬ್ಬ ಡಾಕ್ಟರೂ ತಲೆಹಾಕಿರಲಿಲ್ಲ.

ಮೂರನೇ ಪುಸ್ತಕದಲ್ಲಿ ಅವಳ ಚಿಕ್ಕಮ್ಮನ ಹೆಸರು ಸಿಕ್ಕಿತು. ವಯಸ್ಸು ಇಪ್ಪತ್ತೊಂಬತ್ತು. ತೊಂದರೆ: ವಿಪರೀತ ಸಿಟ್ಟು, ಗಂಡನೊಂದಿಗೆ ಜಗಳ. ತಲೆಯ ಎರಡೂ ಬದಿ ತೂತು ಕೊರೆದು ಮೆದುಳಿನ ಮುಂಭಾಗದ ಎಳೆಗಳನ್ನು ಕತ್ತರಿಸಲಾಗಿದೆ. ಫಲಿತಾಂಶ: ಶಾಂತ, ಗುಣಮುಖ.

ಆಪರೇಷನ್ ಯಾವ ಆಸ್ಪತ್ರೆಯಲ್ಲಿ ಆಯಿತು ಅಂತ ಮನೆಯಲ್ಲಿ ಯಾರೂ ಬಾಯಿಬಿಟ್ಟಿರಲಿಲ್ಲ. ಅವಳಿಗೆ ಸೈಕಲ್ ಕಲಿಸಿದವಳು ಆ ಚಿಕ್ಕಮ್ಮ. ಮಾತಿಗೆ ನಿಂತರೆ ಎಂಥವರ ಬಾಯನ್ನೂ ಮುಚ್ಚಿಸುತ್ತಿದ್ದವಳು. ಆಪರೇಷನ್ ಆದಮೇಲೆ ಕೂರಿಸಿದಲ್ಲೇ ಕೂತಿರುತ್ತಿದ್ದಳು. ಬಾಯಿಗಿಟ್ಟ ತುತ್ತನ್ನು ನುಂಗು ಅಂತ ಪ್ರತಿಸಲವೂ ಹೇಳಬೇಕಿತ್ತು. ಹದಿನೆಂಟು ವರ್ಷ ಹಾಗೇ ಕಳೆಯಿತು. ಮನೆ ತಣ್ಣಗಾಯಿತು ಅಂತ ಚಿಕ್ಕಪ್ಪ ಮಾತ್ರ ಊರೆಲ್ಲ ಹೇಳಿಕೊಂಡು ತಿರುಗಿದ.

ಆ ಪುಸ್ತಕಗಳಲ್ಲಿ ಅಂಥ ಪುಟಗಳು ಐವತ್ತೆರಡು ಇದ್ದವು. ಎಲ್ಲದರ ಮುಂದೂ ಗುಣಮುಖ, ಕೆಳಗೆ ಗುರುಗಳ ಸಹಿ.

ಅವಳು ತಂದು ತೋರಿಸಿದ ಚಿಕ್ಕಮ್ಮನ ಪುಟವನ್ನು ದೊಡ್ಡ ಡಾಕ್ಟರು ಓದಿ ಪುಸ್ತಕ ಬದಿಗಿಟ್ಟರು. ಆಗ ಎಲ್ಲ ಕಡೆ ಹಾಗೇ ಮಾಡುತ್ತಿದ್ದರಮ್ಮ, ಇದು ಬೇಡ, ಕಲಿಯುವವರಿಗೆ ಹುಮ್ಮಸ್ಸು ತರುವಂಥದ್ದು ತೋರಿಸೋಣ ಎಂದರು. ಅವಳು ಆ ಪುಸ್ತಕವನ್ನು ಬೇರೆಯಾಗಿ ಎತ್ತಿಟ್ಟುಕೊಂಡಳು.

ತರಗತಿಯ ದಿನ ಗುರುಗಳ ಫೋಟೋ ಬಂತು, ಅವರು ತೆಗೆದ ಗಡ್ಡೆಗಳ ಕಥೆ ಬಂತು, ಚಪ್ಪಾಳೆಯೂ ಬಂತು. ಅವರ ಕೈಯಿಂದ ಒಬ್ಬ ರೋಗಿಗೂ ಅನ್ಯಾಯ ಆಗಲಿಲ್ಲ ಎಂದು ದೊಡ್ಡ ಡಾಕ್ಟರು ಹೇಳಿದ್ದೇ, ಹಿಂದಿನ ಸಾಲಿನಲ್ಲಿದ್ದ ರೆಕಾರ್ಡಕ್ಕ ಪುಸ್ತಕ ಹಿಡಿದು ಎದ್ದುನಿಂತಳು.

"ಅರ್ಧ ಹೇಳಿದರೆ ಅದು ಹೊಗಳಿಕೆ ಆಗುತ್ತೆ ಸಾರ್, ಇತಿಹಾಸ ಆಗಲ್ಲ," ಎಂದಳು. ಪುಟವನ್ನು ಗಟ್ಟಿಯಾಗಿ ಓದಿದಳು. "ಸಿಟ್ಟು ತೆಗೀತೀವಿ ಅಂತ ನಮ್ಮ ಚಿಕ್ಕಮ್ಮನನ್ನೇ ತೆಗೆದುಬಿಟ್ಟರು. ಗುಣಮುಖ ಅಂತ ಬರೆದವರು ಒಂದು ದಿನವಾದರೂ ಮನೆಗೆ ಬಂದು ನೋಡಿದರಾ?"

ದೊಡ್ಡ ಡಾಕ್ಟರ ಮುಖ ಕಪ್ಪಿಟ್ಟಿತು. ಕೂತುಕೊಳ್ಳಿ, ಇದು ಅದಕ್ಕೆ ಜಾಗ ಅಲ್ಲ ಎಂದರು.

"ಮತ್ತೆ ಯಾವುದು ಸಾರ್ ಜಾಗ?"

ಅಪ್ಪಣೆಯಿಲ್ಲದೆ ಸಭೆಯಲ್ಲಿ ಮಾತಾಡಿದ್ದಕ್ಕೆ ಮರುದಿನ ಅವಳಿಗೆ ನೋಟಿಸು ಬಂತು. ಅವಳು ಉತ್ತರವಾಗಿ ಆ ಪುಟದ ಜೆರಾಕ್ಸ್ ಕಳಿಸಿದಳು.

ಆದರೆ ತರಗತಿಯಲ್ಲಿದ್ದ ಒಬ್ಬ ಕಿರಿಯ ಡಾಕ್ಟರಮ್ಮ ಅದೇ ವಾರ ಅವಳ ಕೋಣೆಗೆ ಬಂದು ಐವತ್ತೆರಡೂ ವಿಳಾಸ ಬರೆದುಕೊಂಡಳು. ಎರಡು ತಿಂಗಳು ಅಲೆದ ಮೇಲೆ ಹನ್ನೊಂದು ಮನೆ ಸಿಕ್ಕವು. ಒಂದರಲ್ಲಿ ರೋಗಿ ಇನ್ನೂ ಬದುಕಿದ್ದರು. ದೊಡ್ಡ ಡಾಕ್ಟರನ್ನು ಆ ಕಿರಿಯ ಡಾಕ್ಟರಮ್ಮ ಬಿಡದೆ ಅಲ್ಲಿಗೆ ಕರೆದೊಯ್ದಳು. ಅವರು ಆ ಮುದುಕನ ಎದುರು ಒಂದು ತಾಸು ಕೂತರು, ಮಾತಾಡಿಸಿದರು, ಮರುಮಾತು ಬರಲಿಲ್ಲ.

ಅಲ್ಲಿಂದ ಬಂದವರೇ ದೊಡ್ಡ ಡಾಕ್ಟರು ಇತಿಹಾಸದ ತರಗತಿಯನ್ನು ಕಲಿಯುವವರಿಗೆಲ್ಲ ಕಡ್ಡಾಯ ಮಾಡಿದರು. ಈ ಐವತ್ತೆರಡು ಪುಟಗಳೇ ಅದರ ಮೊದಲ ಪಾಠ. ನೋಟಿಸನ್ನೂ ಹಿಂದಕ್ಕೆ ತೆಗೆದುಕೊಂಡರು. ಆದರೆ ರೆಕಾರ್ಡಕ್ಕನ ಹತ್ತಿರ ಕ್ಷಮೆ ಕೇಳಲಿಲ್ಲ. ಅವಳೂ ತರಗತಿಯ ದಿನದಿಂದ ಅವರಿಗೆ ನಮಸ್ಕಾರ ಹೇಳುವುದನ್ನು ನಿಲ್ಲಿಸಿದವಳು ಮತ್ತೆ ಶುರುಮಾಡಲಿಲ್ಲ.