ಪಿಕ್ಸೆಲ್ ಗಿಳಿಗೆ ನೀರು

ಕಾಗೆ ಬಂತು, ಇಲ್ಲ, ಬೇವಿನ ಕೊಂಬೆಯ ಮೇಲೇ ಕೂತಿತು, ಕತ್ತು ಕೊಂಕಿಸಿ ನನ್ನನ್ನೇ ನೋಡುತ್ತಿದೆ, ಅದಕ್ಕೂ ಗೊತ್ತಾಗಿರಬೇಕು — ಅತ್ತೆ ತೀರಿ ಇವತ್ತಿಗೆ ಮೂರನೆಯ ದಿನ, ತಳಕಲ್ಲಿನ ಈ ಹೊಲದಲ್ಲಿ ಮಣ್ಣು ಮಾಡಿದ ಜಾಗಕ್ಕೆ ಎಡೆ ಇಟ್ಟು ಎಲ್ಲರೂ ದೂರ ಸರಿದು ನಿಂತಿದ್ದೇವೆ, ಹೋಳಿಗೆ, ಅನ್ನ, ಆಕೆಗೆ ಪ್ರಾಣವಾಗಿದ್ದ ಪುಂಡಿಪಲ್ಲೆ, ಎಲ್ಲ ಆರಿಹೋಗುತ್ತಿದೆ, ಕಾಗೆ ಮುಟ್ಟುತ್ತಿಲ್ಲ. ಮುದುಕೀದು ಏನೋ ಆಸೆ ಉಳದೈತಿ ನೋಡ್ರಿ, ದೇವೇಂದ್ರಪ್ಪ ಕಾಕಾ ಅಂದರು, ನನ್ನ ಗಂಡನ ಚಿಕ್ಕಪ್ಪ, ಇಂಥದ್ದರಲ್ಲಿ ಅವರ ಮಾತೇ ಮಾತು, ಯಾರರ ತಪ್ಪು ಮಾಡಿದ್ರ ಕೈಮುಗದು ಹೇಳಿಬಿಡ್ರಿ, ಆಕಿ ಹೊಟ್ಟಿಗಿ ಹಾಕ್ಕೋತಾಳ.

ಲಲಿತಾ, ಒಂದೀಟು ನೀರ ಕೊಡವಾ, ಮೊನ್ನೆ ಒಳಮನೆಯಿಂದ ಹಾಸಿಗೆ ಹಿಡಿದಿದ್ದ ಅತ್ತೆಯ ದನಿ, ತಂದ್ನಿ ತಡೀರಿ ಅತ್ತಿ ಎಂದೆ ನಾನು, ಎರಡು ಮಕ್ಕಳ ತಾಯಿ, ಪಡಸಾಲೆಯಲ್ಲಿ ಮೊಬೈಲು ಹಿಡಿದು — ಆಟದಲ್ಲಿ ಒಂದು ಗಿಳಿ ಸಾಕಿದ್ದೆ, ಅದಕ್ಕೆ ಹಳೇ ವಿಡಿಯೋ ಗೇಮಿನ ಪಿಕ್ಸೆಲ್ ರೂಪ ಬಂದಿತ್ತು, ಮೈಯೆಲ್ಲ ಚೌಕ ಚೌಕ, ಅತ್ತೆ ಹೊಲಿದ ಕೌದಿಯ ತುಂಡುಗಳ ಹಾಗೆ, ಆ ರೂಪ ಪಡೆಯಲು ಅವತ್ತೇ ಕಡೆಯ ದಿನ, ಯಲಬುರ್ಗಾದ ತವರಿನಲ್ಲಿ ಅಣ್ಣ ಅಂಥ ಗೇಮು ಆಡುವಾಗ ಒಂದು ಸಲವೂ ನನ್ನ ಕೈಗೆ ಕೊಡಲಿಲ್ಲ, ಹುಡುಗ್ಯಾರಿಗೆ ಯಾಕ ಅದು, ಅದಕ್ಕೇ ಈ ಆಸೆ, ಆಸೆಗೊಂದು ನೆಪ, ಥೂ. ಹೊಸ ರೂಪ ಹಾಕಿದೊಡನೆ ಗಿಳಿ ಕೊಕ್ಕು ತೆರೆದು ನೀರು ಕೇಳಿತು, ಕೊಟ್ಟೆ, ನೀಲಿ ಚೌಕಗಳು ಒಂದೊಂದೇ ಇಳಿದವು, ಮತ್ತೆ ತೆರೆಯಿತು, ಮತ್ತೆ ಕೊಟ್ಟೆ, ಲಲಿತಾ, ಬಂದ್ನಿ ಅತ್ತಿ, ತಂಬಿಗೆ ಹಿಡಿದು ಹೋದಾಗ ಅತ್ತೆಯ ಬಾಯಿ ತೆರೆದೇ ಇತ್ತು, ನಾನು ಸುರಿದ ನೀರು ಕೆನ್ನೆ ಮೇಲೆ ಹರಿದುಹೋಯಿತು. ನೀರ ಕುಡದು ಮಲಗಿದ್ರು, ನಿದ್ದಿಯೊಳಗ ಹೋಗ್ಯಾರ ಎಂದೆ ಎಲ್ಲರಿಗೂ, ಎಷ್ಟು ಸಲೀಸಾಗಿ ಬಂತು ಸುಳ್ಳು.

ಹೇಳಿಬಿಡಲೇ, ಇಷ್ಟು ಜನರ ಮುಂದೆ, ಗಿಳಿಗೆ ನೀರು ಕುಡಿಸುತ್ತಿದ್ದೆ ಎಂದರೆ ಯಾವ ಗಿಳಿ ಎನ್ನುತ್ತಾರೆ, ನಾಚಿಕೆಯಿಂದ ಕಿವಿ ಸುಡುತ್ತಿದೆ, ಹೇಳಲೇಬೇಕು ಎನ್ನುವಷ್ಟರಲ್ಲಿ ಕಳಕಮ್ಮ ಹೋಗಿ ಮಣ್ಣಿಗೆ ಹಣೆ ಹಚ್ಚಿದಳು, ನಾದಿನಿ, ಕುಷ್ಟಗಿಗೆ ಕೊಟ್ಟ ಮಗಳು, ಯವ್ವಾ, ಪಂಚಮಿಗೆ ಕರದಿ, ನಾ ಸೆಟಗೊಂಡು ಬರಲಿಲ್ಲ, ನನ್ನ ಮಾರಿ ನೋಡಬೇಕಂತ ನಿನ್ನ ಜೀವ ಒದ್ದಾಡೇತಿ, ತಪ್ಪಾತು ನನ್ನವ್ವಾ — ಅಲ್ಲ ಕಳಕಮ್ಮ, ಆಕೆ ಕೇಳಿದ್ದು ನೀರು, ಬರೀ ನೀರು, ಎನ್ನಬೇಕು, ಈಗಲೇ, ರೆಕ್ಕೆ ಬಡಿದ ಸದ್ದು, ಕಾಗೆ ಇಳಿದು ಹೋಳಿಗೆ ಕಚ್ಚಿತು. ಮುಟ್ಟಿತು ಮುಟ್ಟಿತು, ಇದ ಇತ್ತು ನೋಡ್ರಿ ಆಕಿ ಮನಸ್ಸಿನಾಗ, ಕಾಕಾ ಕೈಮುಗಿದರು, ಹಾಲೇಶ, ನನ್ನ ಗಂಡ, ತಂಗಿಯಿಂದ ಮುಖ ತಿರುಗಿಸಿ ನಿಂತ, ಅವ್ವನನ್ನು ಕೊರಗಿಸಿದವಳು ಇವಳೇ ಎಂದು ಅವನಿಗೆ ಖಾತ್ರಿಯಾಯಿತು.

ಕಳಕಮ್ಮ ನನ್ನ ಹೆಗಲಿಗೆ ಒರಗಿ ಬಿಕ್ಕುತ್ತಿದ್ದಾಳೆ, ನೀವರ ಇದ್ದಿರಲ್ಲ ವೈನಿ, ನಿಮ್ಮ ಕೈಲೆ ನೀರ ಕುಡದು ಹೋದಳಲ್ಲ ನಮ್ಮವ್ವ, ನಾನು ಬಾಯಿ ತೆರೆದೆ, ಹೂಂ ಎಂದೆ, ಹೂಂ ಎಂದೇಬಿಟ್ಟೆ, ಸೊಂಟದಲ್ಲಿ ಸಿಕ್ಕಿಸಿದ ಮೊಬೈಲು ಗುಂಯ್ ಎಂದಿತು, ತೆಗೆದು ನೋಡುವುದೇ ಬೇಡ, ಗೊತ್ತು, ಹಸಿರು ಚೌಕ, ಕೆಂಪು ಚೌಕ, ತೆರೆದ ಕೊಕ್ಕು, ತೆರೆದ ಕೊಕ್ಕು —