ಬೀಳದ ರಿಕಾಬು

ಕಾರಟಗಿಯ ಅಕ್ಕಿ ಗಿರಣಿ ಮಾಲೀಕ ದೇವೇಂದ್ರಪ್ಪನ ಕುದುರೆ, ತನ್ನ ಮೇಲಿಂದ ಬಿದ್ದ ನಾಗೇಶನನ್ನು, ರಿಕಾಬಿನಲ್ಲಿ ಕಾಲು ಸಿಕ್ಕಿದ್ದಂತೆಯೇ, ಬಸ್ ನಿಲ್ದಾಣದಿಂದ ಗಿರಣಿಯ ಗೇಟಿನವರೆಗೆ ಎಳೆದುಕೊಂಡು ಬಂದಿತು. ಮಂಡಿಯ ಕೆಳಗೆ ಕಾಲು ಮುರಿಯಿತು. ಸರಿಯಾಗಿ ಬೀಳಲಿಲ್ಲವೆಂಬ ಕಾರಣಕ್ಕೆ ನಾಗೇಶನನ್ನು ಕೆಲಸದಿಂದ ತೆಗೆದರು.

ದೇವೇಂದ್ರಪ್ಪ ಗಿರಣಿಯ ಹಿಂದೆ ಕುದುರೆ ಸವಾರಿ ಕ್ಲಬ್ಬು ತೆರೆದಿದ್ದ. ಭತ್ತ ಒಣಗಿಸುವ ಅಂಗಳದಲ್ಲೇ ಗಂಗಾವತಿ ಕಡೆಯ ವ್ಯಾಪಾರಸ್ಥರ ಮಕ್ಕಳು ಕುದುರೆಯ ಮೇಲೆ ಕೂತು ಸುತ್ತುತ್ತಿದ್ದರು. ಕಲಿಸುವವರು ನಾಗೇಶ ಮತ್ತು ಅವನ ತಂಗಿ ಕವಿತಾ. ಕುದುರೆಗಳು ಈ ಸೀಮೆಯವೇ. ಜೀನುಗಳು ಮಾತ್ರ ಇಂಗ್ಲಿಷ್ ಜೀನುಗಳು, ಪುಣೆಯಿಂದ ತಂದವು.

ಇಂಗ್ಲಿಷ್ ಜೀನಿನಲ್ಲಿ, ಸವಾರ ಕಾಲಿಡುವ ರಿಕಾಬಿನ ಪಟ್ಟಿಯನ್ನು ಹೊಲಿದಿರುವುದಿಲ್ಲ. ತೊಗಲಿನ ಮಡಿಕೆಯಡಿ ಒಂದು ಕಬ್ಬಿಣದ ಸರಳು. ಪಟ್ಟಿ ಅದಕ್ಕೆ ನೇತುಬಿದ್ದಿರುತ್ತದೆ. ಸರಳಿನ ಹಿಂತುದಿಯಲ್ಲಿ ಪುಟ್ಟ ಕೊಂಡಿ. ಕೊಂಡಿ ತೆರೆದಿಟ್ಟರೆ, ಸವಾರ ಬಿದ್ದು ಕಾಲು ಸಿಕ್ಕಿಕೊಂಡಾಗ ಪಟ್ಟಿಯೇ ಹಿಂದಕ್ಕೆ ಜಾರಿ ಕಳಚಿಕೊಳ್ಳುತ್ತದೆ. ಕುದುರೆ ತನ್ನ ಪಾಡಿಗೆ ಓಡುತ್ತದೆ, ಸವಾರ ತನ್ನ ಪಾಡಿಗೆ ನೆಲದ ಮೇಲೆ ಉಳಿಯುತ್ತಾನೆ. ಇದು ಗುಟ್ಟೇನಲ್ಲ. ಜೀನು ಮಾರಿದವನು ಹೇಳಿದ್ದ, ದೇವೇಂದ್ರಪ್ಪ ಕೇಳಿದ್ದ, ಬಂದವರಿಗೆಲ್ಲ ತಾನೇ ಮಡಿಕೆಯೆತ್ತಿ ತೋರಿಸಿ, "ನೋಡ್ರಿ, ಏನ್ ತಲಿ ಓಡಿಸ್ಯಾರ!" ಎಂದು ಕೊಂಡಾಡಿದ್ದ.

ಆಮೇಲೆ ಮಗ ಬಸವಕುಮಾರನ ಮದುವೆ ಬಂತು. ಕುಷ್ಟಗಿಯ ಬೀಗರ ಮುಂದೆ ಮೆರವಣಿಗೆ. ಪಟಾಕಿಗೆ ಕುದುರೆ ಬೆದರಿ ಹಾರಿತು, ಮದುಮಗನ ಕಾಲು ಹಿಂದಕ್ಕೆ ಹೋಯಿತು, ಒಂದು ರಿಕಾಬು ಪಟ್ಟಿಯ ಸಮೇತ ಕಳಚಿ ಡಾಂಬರಿನ ಮೇಲೆ ಠಣ್ಣೆಂದು ಬಿತ್ತು. ಮದುಮಗ ಬೀಳಲಿಲ್ಲ. ಅದು ಯಾರಿಗೂ ಕಾಣಿಸಲಿಲ್ಲ. "ಮೆರವಣಿಗ್ಯಾಗ ಕಾಲಾಗಿಂದು ಕಳಚಿ ಬಿತ್ತಲ್ಲವಾ, ಇದು ಛಲೋ ಅಲ್ಲ" ಎಂದು ಬೀಗರ ಕಡೆಯ ಮುದುಕಿಯೊಬ್ಬಳು ಅಂದದ್ದು ಮಾತ್ರ ಎಲ್ಲರಿಗೂ ಕೇಳಿಸಿತು. ಚಪ್ಪರ ಇಳಿಸುವ ಮೊದಲೇ ದೇವೇಂದ್ರಪ್ಪ ಟ್ರ್ಯಾಕ್ಟರ್ ರಿಪೇರಿಯ ಕಾಳಪ್ಪನನ್ನು ಕರೆಸಿ, ಎಲ್ಲ ಜೀನುಗಳ ಕೊಂಡಿ ಮುಚ್ಚಿಸಿ ರಿವೆಟ್ ಹೊಡೆಸಿದ. ಅಂದಿನಿಂದ ಆ ಮನೆತನದ ಒಂದು ರಿಕಾಬೂ ಬಿದ್ದಿಲ್ಲ. ಬಿದ್ದವನು ನಾಗೇಶ.

ನಾಗೇಶ ಇನ್ನೂ ಕೊಪ್ಪಳದ ಆಸ್ಪತ್ರೆಯಲ್ಲಿರುವಾಗಲೇ ಕ್ಲಬ್ಬಿನಲ್ಲಿ ಸುರಕ್ಷತೆ ಶುರುವಾಯಿತು. ಹೊಸ ಹೆಲ್ಮೆಟ್ಟುಗಳು ಬಂದವು. ಜೀನುಗಳಿಗೆ ಪೂಜೆಯಾಯಿತು, ಕುದುರೆಗಳ ಕೊರಳಿಗೆ ನಿಂಬೆಹಣ್ಣು ಬಿತ್ತು. ಭಾನುವಾರ "ಸುರಕ್ಷಿತ ಸವಾರಿ"ಯ ಉದ್ಘಾಟನೆ, ಯಲಬುರ್ಗಾದಿಂದಲೂ ಅತಿಥಿಗಳು. ಹೆಲ್ಮೆಟ್ ಹಾಕಿ ಸವಾರಿ ಮಾಡಿ ತೋರಿಸಬೇಕಾದವಳು ಕವಿತಾ.

ಅಂಗಳ ಗುಡಿಸುವ ರಾಜಾಬೀ ಹೆಲ್ಮೆಟ್ಟನ್ನು ತಿರುವಿ ನೋಡಿದಳು. "ಮುರಿದಿದ್ದು ಕಾಲು, ತಂದಿದ್ದು ತಲಿಗೆ. ಕಾಲಿಗೇ ಹಾಕ್ಕೊಂಡು ಹತ್ತವಾ ಕವಿತಾ, ಸುಮ್ನ."

ಕವಿತಾ ನಗುತ್ತಲೇ ಎದ್ದು ದೇವೇಂದ್ರಪ್ಪನ ಬಳಿಗೆ ಹೋದಳು. "ಯಜಮಾನ್ರ, ಆ ರಿವೆಟ್ ತಗಸ್ರಿ."

"ತಗಸಿದ್ರ ಮತ್ತ ಬೀಳತಾವಲ್ಲವಾ?"

"ಬೀಳಲಿ ಅಂತನ ಮಾಡ್ಯಾರ್ರಿ ಅವನ್ನ."

"ಅತಿಥಿಗಳ ಮುಂದ ಬಿದ್ರ? ಒಮ್ಮೆ ಹೋದ ಮಾನ ಸಾಕಾಗೇತಿ. ಮ್ಯಾಲೆ ಅದು ಇಂಗ್ಲೀಷ್ ಮಾಲು, ಕೊರದ್ರ ಕೆಡತೈತಿ."

"ನಮ್ಮಣ್ಣನ ಕಾಲೇನು ನಾಟಿ ಮಾಲೇನ್ರಿ?"

ಮ್ಯಾನೇಜರ್ ಕೊಟ್ರೇಶ ನಡುವೆ ಬಾಯಿ ಹಾಕಿದ. "ಏ ತಂಗಿ, ನೀ ಬೀಳಬ್ಯಾಡ, ಮುಗೀತಲ್ಲ!"

ದೇವೇಂದ್ರಪ್ಪ ದನಿ ಇಳಿಸಿದ. "ನೋಡವಾ, ಭಾನುವಾರ ಛಲೋ ಮಾಡಿ ತೋರಿಸು. ನಾಗೇಶನ್ನ ಗೇಟಿಗೆ ಹಾಕ್ತೀನಿ. ಕುಂತು ಮಾಡೂ ಕೆಲಸ. ಕಾಲು ಬೇಕಾಗಂಗಿಲ್ಲ."

ಭಾನುವಾರ ಅಂಗಳದ ತುಂಬ ಕುರ್ಚಿ. ಕೊಟ್ರೇಶ ಮೈಕಿನಲ್ಲಿ ಸುರಕ್ಷತೆಯ ಮಹತ್ವ ಹೇಳುತ್ತಿದ್ದ. ಹೆಲ್ಮೆಟ್ ಹಾಕಿದ ಕವಿತಾ ಕುದುರೆಯನ್ನು ನಡುವೆ ತಂದು ನಿಲ್ಲಿಸಿದಳು. ಜೀನಿನ ಮಡಿಕೆಯೆತ್ತಿ ಪಟ್ಟಿಯ ಬಕಲು ಬಿಚ್ಚಿದಳು, ರಿಕಾಬನ್ನು ಎಳೆದು ತೆಗೆದಳು. ಆ ಕಡೆಯದನ್ನೂ ತೆಗೆದು, ಎರಡನ್ನೂ ಒಂದು ಖಾಲಿ ಕುರ್ಚಿಯ ಮೇಲಿಟ್ಟಳು.

"ಇವಿಲ್ದನ ಹತ್ತತೀನ್ರಿ. ನನಗ ಬರತೈತಿ."

ದೇವೇಂದ್ರಪ್ಪ ಅತಿಥಿಗಳ ಕಡೆ ನಗು ಹಿಡಿದುಕೊಂಡೇ ಹತ್ತಿರ ಬಂದ. "ಬೋಳು ಜೀನು ತೋರಸ್ತಿಯೇನ? ಮಂದಿ ನೋಡಾಕತ್ಯಾರ. ಹಾಕು ಮೊದಲ."

"ರಿವೆಟ್ ತಗಸ್ರಿ, ಹಾಕ್ತೀನಿ."

"ನಿಮ್ಮಣ್ಣನ ಗೇಟಿನ ಕೆಲಸ ಮರತಿಯೇನ?"

"ಇಲ್ರಿ. ಆಸ್ಪತ್ರ್ಯಾಗ ಅಂವಗ ಹೇಳೇನಿ. 'ನೀನೂ ನನ್ನಂಗ ಕುಂತ್ರ ಗೇಟ್ ತಗಿಯೋರ್ಯಾರ್ಲೇ' ಅಂದ."

ಕುರ್ಚಿಗಳ ಕಡೆಯಿಂದ ಯಾರೋ ಕಿಸಕ್ಕೆಂದರು. ದೇವೇಂದ್ರಪ್ಪನ ನಗು ಇಳಿಯಿತು. ಕೊಟ್ರೇಶ ಮೈಕು ಬಿಟ್ಟು ಓಡಿಬಂದ. ಪಟ್ಟಿಗಳನ್ನು ಸರಳಿಗೆ ತೂರಿಸಿ, ಬಕಲು ಬಿಗಿದು, ರಿಕಾಬನ್ನು ಅವಳ ಕಾಲಿನ ಮುಂದೆ ಹಿಡಿದು ಬಗ್ಗಿ ನಿಂತ. ಅತಿಥಿಗಳ ಕೊರಳ ಹಾರಗಳು, ಕೈಯ ಮೊಬೈಲುಗಳು, ಎಲ್ಲವೂ ಅವಳ ಕಡೆ ತಿರುಗಿದವು.

"ಹತ್ತು" ಎಂದ ದೇವೇಂದ್ರಪ್ಪ.

"ಹತ್ತಂಗಿಲ್ರಿ" ಎಂದಳು ಕವಿತಾ, ಲಗಾಮನ್ನು ಅವನ ಕೈಗೆ ಕೊಡುತ್ತ. "ಇದರಾಗ ನಾ ಕಾಲಿಡಂಗಿಲ್ಲ."