ಮಂಚದ ಪಕ್ಕದ ನೊರೆಬಟ್ಟಲು

ಮಲಗುವ ಕೋಣೆಯ ನೆಲಕ್ಕೆ ತೂತು ಕೊರೆದ ಸಂಗತಿಯನ್ನು ಗೊಸ್ಸೆ ಹೆಂಡತಿಗೆ ಹೇಳಲಿಲ್ಲ. ಮುಚ್ಚಿಡಬೇಕೆಂದು ಅವನೇನೂ ನಿರ್ಧರಿಸಿರಲಿಲ್ಲ. ಹೇಳುವುದಕ್ಕೆ ಸರಿಯಾದ ಹೊತ್ತು ಬರಲಿ ಎಂದು ಕಾದ, ಅಷ್ಟೆ. ಅವರ ಬಂದರು ಊರು ಹಾರ್ಲಿಂಗನ್ನಿನಲ್ಲಿ ಅಂಥ ಹೊತ್ತಿಗಾಗಿ ಮದುವೆಯಾದಾಗಿನಿಂದ ಕಾಯುತ್ತಿರುವವರೂ ಇದ್ದಾರೆ.

ತೂತಿಗೆ ಕಾರಣ ಕೆಳಗಿನ ಹಜಾರದ ಹವಳದ ತೊಟ್ಟಿ. ಸಾವಿರದ ನಾನೂರು ಲೀಟರ್ ಉಪ್ಪುನೀರು, ಮೂವತ್ತು ಮೀನು, ಹತ್ತೊಂಬತ್ತು ವರ್ಷದಿಂದ ಬೆಳೆಸಿದ ಹವಳ. ದ್ವೀಪಗಳಿಗೆ ಹೋಗುವ ಫೆರಿಯ ಎಂಜಿನ್ ಕೋಣೆಯಲ್ಲಿ ದಿನವಿಡೀ ಗದ್ದಲದಲ್ಲಿದ್ದು ಮನೆಗೆ ಬಂದ ಗೊಸ್ಸೆ, ಕುರ್ಚಿ ಎಳೆದುಕೊಂಡು ಆ ತೊಟ್ಟಿಯ ಮುಂದೆ ಕೂರುತ್ತಿದ್ದ. ಮೀನು ಮಾತಾಡುವುದಿಲ್ಲ. ಹೆಂಡತಿ ಹಿಸ್ಕೆ ಪಕ್ಕದಲ್ಲಿ ಕೂತು ಹೆಣೆಯುತ್ತಿದ್ದಳು. ಅವಳೂ ಮಾತಾಡುತ್ತಿರಲಿಲ್ಲ. ಮೂವತ್ತೊಂದು ವರ್ಷದ ಸಂಸಾರದಲ್ಲಿ ಇಬ್ಬರಿಗೂ ಇದಕ್ಕಿಂತ ಹೆಚ್ಚಿನದೇನೂ ಬೇಕೆನ್ನಿಸಿರಲಿಲ್ಲ.

ಬೇಸಗೆಯಲ್ಲಿ ಹಳೆಯ ಸ್ಕಿಮ್ಮರ್ ಕೆಟ್ಟಿತು. ಬಟಾಣಿ ಸೂಪು ಕುದಿಯುವಾಗ ಮೇಲೆ ಬರುವ ಕೊಳಕು ನೊರೆಯನ್ನು ಸೌಟಿನಿಂದ ತೆಗೆದುಹಾಕುತ್ತೇವಲ್ಲ, ತೊಟ್ಟಿಯ ನೀರಿಗೆ ಆ ಕೆಲಸವನ್ನೇ ಮಾಡುವ ಯಂತ್ರ ಅದು. ಕೊಳವೆಯೊಳಗೆ ಸಣ್ಣ ಗಾಳಿಗುಳ್ಳೆಗಳನ್ನು ಬಿಟ್ಟರೆ ಮೀನಿನ ಹೇಲು, ತಿಂದುಳಿದ ಆಹಾರ, ಲೋಳೆ ಎಲ್ಲ ಗುಳ್ಳೆಗೆ ಅಂಟಿಕೊಂಡು ಮೇಲೇರಿ, ನೊರೆಯಾಗಿ, ತುದಿಯ ಬಟ್ಟಲಿಗೆ ಬೀಳುತ್ತದೆ. ಅದು ನಿಂತ ಮೇಲೆ ಹವಳಗಳು ಮುದುಡಿಕೊಂಡವು. ಹಜಾರ ಸಮುದ್ರ ಇಳಿದ ಮೇಲಿನ ಕೆಸರಿನ ಹಾಗೆ ನಾರತೊಡಗಿತು.

ನವೆಂಬರಿನಲ್ಲಿ ಒಂದು ಶುಕ್ರವಾರ ಹಿಸ್ಕೆ ಫ್ಲೀಲಾಂಡ್ ದ್ವೀಪಕ್ಕೆ ಹೊರಟಳು. ಅಲ್ಲಿ ಅವಳ ಅಕ್ಕ ಆಫ್ಕೆಯ ವಸತಿಗೃಹಕ್ಕೆ ಚಳಿಗಾಲದ ಬೀಗ ಹಾಕುವ ಮುಂಚೆ ತೊಳೆಯುವ ಕೆಲಸ ಇರುತ್ತಿತ್ತು. ಬಾಗಿಲಲ್ಲಿ ಚೀಲ ಹಿಡಿದು ನಿಂತು ಅಂದಳು:

"ಮುಂದಿನ ವಾರ ಶನಿವಾರ ನನ್ನ ಹುಟ್ಟುಹಬ್ಬ. ಅವತ್ತು ಈ ವಾಸನೆ ಇದ್ರೆ, ಸೋಮವಾರ ತೊಟ್ಟಿ ಇರಲ್ಲ."

ಹಿಸ್ಕೆಯ ಲೆಕ್ಕದಲ್ಲಿ ಅದೊಂದು ಭಾಷಣ. ಗೊಸ್ಸೆ ಬಾಗಿಲು ಮುಚ್ಚಿ ನೇರವಾಗಿ ಡೌವೆಗೆ ಫೋನ್ ಮಾಡಿದ. ಅಕ್ವೇರಿಯಂ ಸಂಘದಲ್ಲಿ ಡೌವೆ ಹೇಳಿದ್ದೇ ಕೊನೆಯ ಮಾತು.

"ಅಂಗಡೀಲಿ ಸಿಗೋವೆಲ್ಲ ಕುಳ್ಳ ಮಾರಾಯ," ಅಂದ ಡೌವೆ. "ಗುಳ್ಳೆ ಕೊಳಕು ಹಿಡಿಯೋಷ್ಟರಲ್ಲಿ ತುದಿ ಬಂದುಬಿಡುತ್ತೆ. ನೀನೇ ಕಟ್ಟು. ಎತ್ತರಕ್ಕೆ ಕಟ್ಟು."

"ಎಷ್ಟೆತ್ತರ?"

"ನಿನ್ನ ಚಾವಣಿ ಎಷ್ಟಿದೆ?"

"ಎರಡು ಮೀಟರ್ ನಲವತ್ತು."

"ಹಾಗಾದ್ರೆ ನಿನ್ನ ಚಾವಣಿ ಕುಳ್ಳ."

ಗೊಸ್ಸೆ ಇದನ್ನು ತಮಾಷೆ ಎಂದುಕೊಳ್ಳಲಿಲ್ಲ. ಅಳತೆ ಎಂದುಕೊಂಡ. ಶನಿವಾರ ಬೂದುಬಣ್ಣದ ಚರಂಡಿ ಕೊಳವೆ ತಂದ. ಭಾನುವಾರ ಒಣಗಿದ ಲಿಂಡೆನ್ ಮರದ ತುಂಡುಗಳನ್ನು ಕೊಯ್ದು ಕೊಳವೆಯ ತಳದಲ್ಲಿ ಗಾಳಿ ಬಿಡುವ ಬಿಲ್ಲೆಗಳನ್ನು ಮಾಡಿದ. ಆ ಮರದ ರಂಧ್ರಗಳಿಂದ ಬರುವಷ್ಟು ಸಣ್ಣ ಗುಳ್ಳೆ ಬೇರೆ ಯಾವುದರಿಂದಲೂ ಬರುವುದಿಲ್ಲ. ನೀರು ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಸೋಮವಾರ ರಜೆ ಹಾಕಿ ಚಾವಣಿ ಕೊರೆದ. ತೊಲೆ ಅಡ್ಡ ಬಂದದ್ದರಿಂದ ತೂತನ್ನು ಒಂದು ಮೊಳ ಎಡಕ್ಕೆ ಸರಿಸಬೇಕಾಯಿತು. ಕೊಳವೆ ಮೇಲೆ ಹೋಗಿ ಮಲಗುವ ಕೋಣೆಯಲ್ಲಿ ತಲೆ ಎತ್ತಿತು. ಅದರ ನೆತ್ತಿಯ ಮೇಲೆ ಮುಚ್ಚಳವಿದ್ದ ಪಾರದರ್ಶಕ ಬಟ್ಟಲು. ಗೊಸ್ಸೆ ಮೆಟ್ಟಿಲು ಹತ್ತಿ ಹೋಗಿ ನೋಡಿದ. ಬಟ್ಟಲು ಸರಿಯಾಗಿ ಹಿಸ್ಕೆಯ ದಿಂಬಿನ ಪಕ್ಕದಲ್ಲಿ, ಅವಳ ಕಿವಿಯ ಎತ್ತರಕ್ಕೆ ನಿಂತಿತ್ತು.

ಮಂಚವನ್ನಾದರೂ ಸರಿಸೋಣವೆಂದರೆ ಬೀರು ಅಡ್ಡ ಬಂತು.

ಮಂಗಳವಾರ ಸಂಜೆ ಹಿಸ್ಕೆ ಮರಳಿದಳು. ಚೀಲ ಹಿಡಿದು ಮೇಲೆ ಹೋದಳು. ಗೊಸ್ಸೆ ಕೆಳಗೆ ಚಾವಣಿಯನ್ನೇ ನೋಡುತ್ತಾ ಕೂತ. ಹೆಜ್ಜೆಗಳು ಕೇಳಿದವು, ನಿಂತವು. ಆಮೇಲಿನ ಮೌನ ಎಷ್ಟು ಉದ್ದವಿತ್ತೆಂದರೆ, ಅಷ್ಟರಲ್ಲಿ ಫೆರಿಯೊಂದನ್ನು ಧಕ್ಕೆಗೆ ಕಟ್ಟಿ ಕಾರುಗಳನ್ನೆಲ್ಲ ಇಳಿಸಬಹುದಿತ್ತು. ಕಡೆಗೆ ಬೀರುವಿನ ಬಾಗಿಲು ಕಿರುಗುಟ್ಟಿತು. ಅವಳು ಕೆಳಗಿಳಿದು ಬಂದಳು.

"ಸೂಪ್ ಇದೆಯಾ?"

"ಇದೆ."

ಅಷ್ಟೆ. ಮಲಗಲು ಹೋದಾಗ ನೋಡಿದರೆ ಬಟ್ಟಲಿನ ಮೇಲೆ ಅವಳು ಕ್ರೋಶಾ ಹಾಕಿದ ಬಿಳಿ ವಸ್ತ್ರವೊಂದನ್ನು ಹೊದಿಸಿದ್ದಳು. ವಸ್ತ್ರದ ಮೇಲೆ ಅವಳ ಕನ್ನಡಕ. ಇದು ಒಪ್ಪಿಗೆಯೋ, ಹೆಣದ ಮೇಲೆ ಎಳೆದ ಬಟ್ಟೆಯೋ ಗೊಸ್ಸೆಗೆ ತಿಳಿಯಲಿಲ್ಲ. ಕೇಳಿದರೆ ಬಟ್ಟಲಿನ ಮಾತು ಬರುತ್ತದೆ, ಬಟ್ಟಲಿನಿಂದ ಕೊಳವೆಯ ಮಾತು, ಕೊಳವೆಯಿಂದ ತೂತಿನ ಮಾತು. ದೀಪ ಆರಿಸಿ ಮಲಗಿದ.

ಬುಧವಾರ ಕತ್ತಲಿರುವಾಗಲೇ, ಅವಳಿಗೆ ಎಚ್ಚರವಾಗದ ಹಾಗೆ ದೀಪ ಹಾಕದೆ ಎದ್ದು ಕೆಲಸಕ್ಕೆ ಹೋದ. ನಾಲ್ಕು ಗಂಟೆಗೆ ಬಂದವನೇ ಮೇಲೆ ಓಡಿ ವಸ್ತ್ರ ಎತ್ತಿ ನೋಡಿದ. ಬಟ್ಟಲು ಖಾಲಿ. ಖಾಲಿ ಮಾತ್ರವಲ್ಲ, ಈಗಷ್ಟೇ ಅಂಗಡಿಯಿಂದ ತಂದ ಹಾಗೆ ಫಳಫಳ ಹೊಳೆಯುತ್ತಿತ್ತು. ಒಂದು ಹನಿ ಕೊಳಕೂ ಏರಿಲ್ಲ.

"ನೀರಿನ ಮಟ್ಟ ಏರಿಸು," ಅಂದ ಡೌವೆ ಫೋನಿನಲ್ಲಿ.

ಕವಾಟ ತಿರುಗಿಸಿ ಒಂದು ಬೆರಳು ಏರಿಸಿದ. ಗುರುವಾರ ಸಂಜೆ ಮತ್ತೆ ಬಟ್ಟಲು ಖಾಲಿ, ಮತ್ತೆ ಫಳಫಳ.

"ಇನ್ನೂ ಏರಿಸು."

"ಏರಿಸಿದೆ ಕಣೋ, ಎರಡು ಬೆರಳು. ಆದ್ರೂ ಖಾಲಿ," ಅಂದ ಗೊಸ್ಸೆ ಮರುದಿನ.

"ನೀನು ಎಂಜಿನ್ ರಿಪೇರಿ ಮಾಡೋನು ತಾನೇ? ಮೂರು ಏರಿಸು. ಅದೇನು ನಿನ್ನನ್ನ ಕಚ್ಚುತ್ತಾ?"

ಶುಕ್ರವಾರ ಮೂರನೆಯ ಸಲ ಏರಿಸಿ ಗೊಸ್ಸೆ ತೊಟ್ಟಿಯ ಮುಂದೆ ಕೂತ. ನೀರು ತಿಳಿಯಾಗಿದ್ದಂತೆ ಕಂಡಿತು. ಕಣ್ಣಿನ ಆಸೆ ಇರಬೇಕು ಅಂದುಕೊಂಡ. ವಾಸನೆಯೂ ಇರಲಿಲ್ಲ. ನಾಲ್ಕು ತಿಂಗಳು ಈ ನಾತದಲ್ಲಿ ಬದುಕಿ ತನ್ನ ಮೂಗೇ ಸತ್ತಿದೆ ಎಂದು ತೀರ್ಮಾನಿಸಿದ. ಹಿಸ್ಕೆಯನ್ನು ಒಂದು ಮಾತು ಕೇಳಿದ್ದರೆ ಮುಗಿದುಹೋಗುತ್ತಿತ್ತು. ಅವಳು ಎದುರಿಗೇ ಕೂತು ಸ್ವೆಟರಿನ ತೋಳು ಹೆಣೆಯುತ್ತಿದ್ದಳು. ಅವನು ಬಾಯಿ ತೆರೆದ. ಅವಳು ತಲೆ ಎತ್ತಿದಳು.

"ಏನು?"

"ಏನಿಲ್ಲ."

ಅವಳು ಹೆಣಿಗೆಯ ಮನೆಗಳನ್ನು ಎಣಿಸಿಕೊಂಡು ಮುಂದುವರಿಸಿದಳು. ಗೊಸ್ಸೆ ಹವಳಗಳಿಂದ ಮನಸ್ಸಿನಲ್ಲೇ ಬೀಳ್ಕೊಂಡ. ಬಟ್ಟಲಿನ ವಸ್ತ್ರವನ್ನು ಮತ್ತೆ ಎತ್ತಿ ನೋಡಲಿಲ್ಲ.

ಶನಿವಾರ ಎರಡು ಗಂಟೆಗೆ ನೆಂಟರು ಬಂದರು. ಹದಿನಾಲ್ಕು ಕುರ್ಚಿಗಳನ್ನು ಗೋಡೆಗುಂಟ ದುಂಡಗೆ ಇಟ್ಟಿದ್ದರು. ಬಂದವರು ಅಲ್ಲಿನ ರೂಢಿಯಂತೆ ಒಂದು ಕಡೆಯಿಂದ ಶುರುಮಾಡಿ ಎಲ್ಲರ ಕೈ ಕುಲುಕುತ್ತಾ ಹೋದರು. ಹಿಸ್ಕೆಗೆ ಅಭಿನಂದನೆ, ಹಿಸ್ಕೆ ಹುಟ್ಟಿದ್ದಕ್ಕೆ ಗಂಡನಿಗೆ ಅಭಿನಂದನೆ, ಅಕ್ಕನಿಗೆ ಅಭಿನಂದನೆ, ಪಕ್ಕದ ಮನೆಯವಳಿಗೂ ಅಭಿನಂದನೆ. ಎಲ್ಲರ ಕೋಟುಗಳನ್ನೂ ಆಫ್ಕೆ ಎಂದಿನಂತೆ ಮೇಲೆ ಒಯ್ದು ಮಂಚದ ಮೇಲೆ ರಾಶಿ ಹಾಕಿದಳು. ಹಿಸ್ಕೆ ಬೆಳಗ್ಗೆಯಿಂದ ಅಡುಗೆಮನೆ ಬಿಟ್ಟು ಕದಲಿರಲಿಲ್ಲ. ಗುಲಾಬಿ ಸಕ್ಕರೆ ಹೊದಿಸಿದ ಕೇಕನ್ನು ತಲೆಗೊಂದು ತುಂಡಿನಂತೆ ಹಂಚಿದಳು.

ತೊಂಬತ್ತರ ಹತ್ತಿರದ ಫೋಕೆ ಚಿಕ್ಕಪ್ಪ ತೊಟ್ಟಿಯ ಕಡೆ ಮೂಗು ಚಾಚಿದ. "ಹಿಸ್ಕೆ, ಏನಾಯ್ತೇ? ಹೋದ ತಿಂಗಳು ಬಂದಾಗ ಸತ್ತ ತಿಮಿಂಗಿಲ ಸಾಕ್ಕೊಂಡ ಹಾಗಿತ್ತು. ಈಗ ಏನೂ ಇಲ್ವಲ್ಲ!"

ಅವನ ದನಿಯಲ್ಲಿ ಮೋಸಹೋದವನ ನಿರಾಸೆಯಿತ್ತು. ಎಲ್ಲರೂ ಮೂಸಿದರು. ಹದಿನಾಲ್ಕು ಮೂಗುಗಳು ಒಟ್ಟಿಗೆ ಗಾಳಿ ಎಳೆದವು.

"ಕಾಫಿ ವಾಸನೆ," ಅಂದಳು ಆಫ್ಕೆ. "ಬರೀ ಕಾಫಿ. ನೋಡ್ರೇ, ಆ ಹೂವಿನ ಥರದ್ದು ಅರಳಿದೆ!"

ಗೊಸ್ಸೆ ತಿರುಗಿ ನೋಡಿದ. ಬೇಸಗೆಯಿಂದ ಮುದುಡಿದ್ದ ಹವಳ ಅಂಗೈ ಬಿಚ್ಚಿದಂತೆ ಅರಳಿ ನಿಂತಿತ್ತು. ಹಾಗಾದರೆ ಮೂಗು ಸತ್ತಿರಲಿಲ್ಲ. ಹಿಸ್ಕೆ ಎದ್ದು ಬಂದಳು. ಅವನ ತಟ್ಟೆಗೆ ಎರಡನೆಯ ತುಂಡು ಕೇಕು ಇಟ್ಟಳು. ಕುರ್ಚಿಗಳ ಸುತ್ತಿನಲ್ಲಿ ಮಾತು ನಿಂತಿತು. ಆ ಮನೆಯಲ್ಲಿ ಯಾರಿಗೂ ಎರಡನೆಯ ತುಂಡು ಸಿಕ್ಕ ನೆನಪು ಯಾರಿಗೂ ಇರಲಿಲ್ಲ. ಗೊಸ್ಸೆಯ ಕಣ್ಣು ತುಂಬಿಬಂತು. ತೊಟ್ಟಿ ಉಳಿಯಿತು.

ಆಗ ಫೋಕೆ ಚಿಕ್ಕಪ್ಪನ ಕಾಫಿಗೆ ಮೇಲಿನಿಂದ ಒಂದು ಹನಿ ಬಿತ್ತು.

ಚಿಕ್ಕಪ್ಪ ಲೋಟದೊಳಗೆ ನೋಡಿದ, ಚಾವಣಿ ನೋಡಿದ. ಕೊಳವೆಯ ಸುತ್ತ ಕಂದು ಉಂಗುರವೊಂದು ಅಗಲವಾಗುತ್ತಿತ್ತು.

"ಮೇಲೆ ಯಾರಾದ್ರೂ ಸ್ನಾನ ಮಾಡ್ತಿದ್ದಾರಾ?" ಅಂದ.

ಗೊಸ್ಸೆ ಎರಡೆರಡು ಮೆಟ್ಟಿಲು ಹಾರಿ ಹತ್ತಿದ. ಬಟ್ಟಲಿನ ಮುಚ್ಚಳ ಎದ್ದು, ಕ್ರೋಶಾ ವಸ್ತ್ರವನ್ನು ಟೋಪಿಯ ಹಾಗೆ ಹೊತ್ತುಕೊಂಡು ನೊರೆ ಹೊರಗೆ ಉಕ್ಕುತ್ತಿತ್ತು. ಡಿಕಾಕ್ಷನ್ ಬಣ್ಣದ ನೊರೆ. ಹಾಸಿಗೆಯಂಚಿನಿಂದ ಹತ್ತಿ, ಕೋಟುಗಳ ರಾಶಿಯ ತುದಿ ಮುಟ್ಟಿ, ತೋಳುಗಳೊಳಗೆ ಇಳಿಯುತ್ತಿತ್ತು. ನಾಲ್ಕು ತಿಂಗಳ ನಾತವೆಲ್ಲ ಒಟ್ಟಾಗಿ ಆ ಕೋಣೆಗೆ ಬಂದು ಕೂತಿತ್ತು. ಗೊಸ್ಸೆ ಮಂಡಿಯೂರಿ, ತೂತಿಗೆ ಬಾಯಿಟ್ಟು ಕೂಗಿದ:

"ಪ್ಲಗ್! ಪ್ಲಗ್ ಕೀಳ್ರೋ!"

ಮದುವೆಯಾದ ಮೇಲೆ ಆ ಮನೆಯಲ್ಲಿ ಅವನು ದನಿ ಎತ್ತಿದ್ದು ಅದೇ ಮೊದಲು. ಕೆಳಗೆ ಫೋಕೆ ಚಿಕ್ಕಪ್ಪ ಗಾಬರಿಯಿಂದ ಕಾಫಿ ಯಂತ್ರದ ಪ್ಲಗ್ ಕಿತ್ತ. ಪಕ್ಕದ ಮನೆಯವಳು ದೀಪದ್ದು ಕಿತ್ತಳು. ಸರಿಯಾದದ್ದನ್ನು ಕಿತ್ತವಳು ಹಿಸ್ಕೆ. ಆಮೇಲೆ ಅವಳೂ ಮೇಲೆ ಬಂದಳು. ಅವಳ ಹಿಂದೆ ಮೆಟ್ಟಿಲ ತುಂಬ ನೆಂಟರು, ಮೂಗು ಹಿಡಿದುಕೊಂಡು.

"ಇಷ್ಟು ದಿನ ಒಂದು ತೊಟ್ಟೂ ಬಂದಿರಲಿಲ್ಲ," ಅಂದ ಗೊಸ್ಸೆ. "ದಿನಾ ಖಾಲಿ ಇತ್ತು. ಅದಕ್ಕೇ ಮಟ್ಟ ಏರಿಸ್ತಾ ಹೋದೆ."

ಹಿಸ್ಕೆ ಒದ್ದೆಯಾದ ಕ್ರೋಶಾ ವಸ್ತ್ರವನ್ನು ಎತ್ತಿಕೊಂಡಳು.

"ಖಾಲಿ ಮಾಡ್ತಿದ್ದೆನಲ್ಲ."

"ಯಾರು?"

"ನಾನು. ಬೆಳಗ್ಗೆ ಒಂದು ಸಲ, ನೀನು ಬರೋ ಮುಂಚೆ ಒಂದು ಸಲ. ಬಿಸಿನೀರಲ್ಲಿ ತೊಳೆದೂ ಇಡ್ತಿದ್ದೆ. ಇವತ್ತು ಕೇಕಿನ ಗಡಿಬಿಡೀಲಿ ಆಗಲಿಲ್ಲ."

"ಹೇಳಲೇ ಇಲ್ವಲ್ಲ!"

"ನೀನು ನನ್ನ ದಿಂಬಿನ ಪಕ್ಕ ತಂದಿಟ್ಟಿದ್ದೆ. ನನ್ನ ಕೆಲಸ ಅಂತ ಇಟ್ಟಿದ್ದೀಯ ಅಂದುಕೊಂಡೆ."

ಆಫ್ಕೆ ಮುಂದೆ ಬಂದು ರಾಶಿಯಿಂದ ತನ್ನ ಕೋಟನ್ನು ಎರಡು ಬೆರಳಲ್ಲಿ ಎತ್ತಿದಳು. ಅದರ ಜೇಬಿನಿಂದ ಏನೋ ತೊಟ್ಟಿಕ್ಕಿತು. "ಹಿಸ್ಕೆ, ವಾಸನೆ ಇದ್ರೆ ಸೋಮವಾರ ತೊಟ್ಟಿ ಹೋಗುತ್ತೆ ಅಂತ ನನ್ನ ಮನೇಲಿ ಕೂತು ನೀನೇ ಹೇಳಿದ್ದೆ ತಾನೇ? ಸೋಮವಾರದವರೆಗೂ ಯಾಕೆ? ಇಷ್ಟು ಜನ ಇದ್ದೀವಿ, ಈಗಲೇ ಎತ್ತಿ ಹೊರಗೆ ಹಾಕೋಣ."

ಯಾರೂ ಮಾತಾಡಲಿಲ್ಲ. ಗೊಸ್ಸೆ ಮಂಡಿಯ ಮೇಲೇ ಇದ್ದ, ಒಂದು ಕೈ ಇನ್ನೂ ಕೊಳವೆಯ ಮೇಲಿತ್ತು. ಮೌನದ ಬಗೆಗಳೆಲ್ಲ ತನಗೆ ಗೊತ್ತು ಎಂದುಕೊಂಡಿದ್ದವನಿಗೆ ಇದು ಯಾವ ಬಗೆಯೆಂದು ತಿಳಿಯಲಿಲ್ಲ. ಇಷ್ಟು ವರ್ಷ ಇಬ್ಬರೂ ಒಂದೇ ಮೌನದಲ್ಲಿದ್ದೇವೆ ಎಂದು ನಂಬಿದ್ದ. ಬೇರೆ ಬೇರೆ ಎರಡು ಅಕ್ಕಪಕ್ಕ ಕೂತಿದ್ದವೋ ಏನೋ.

"ಕೆಳಗೆ ನಾತ ಇತ್ತಾ?" ಎಂದು ಹಿಸ್ಕೆ ಅಕ್ಕನನ್ನು ಕೇಳಿದಳು.

"ಕೆಳಗಿರಲಿಲ್ಲ. ಆದ್ರೆ ಇಲ್ಲಿ..."

"ನೆಂಟರನ್ನ ಕೂರಿಸೋದು ಕೆಳಗೆ. ನಾನು ಹೇಳಿದ್ದೂ ಕೆಳಗಿನ ಮಾತೇ." ಅವಳು ತೋಳು ಮಡಚಿದಳು. "ಮೂರು ದಿನ ಅದರ ಕೊಳಕು ಚೆಲ್ಲಿದವಳು ನಾನು. ಒಳ್ಳೇ ಕೆಲಸ ಮಾಡುತ್ತೆ. ತೊಟ್ಟಿ ಎಲ್ಲಿಗೂ ಹೋಗಲ್ಲ."

"ನನ್ನ ಕೋಟು?"

"ತೊಳೆದು ಕೊಡ್ತೀವಿ. ಈಗ ಗೊಸ್ಸೆಯ ಮೇಲಂಗಿ ಹಾಕ್ಕೊಂಡು ಹೋಗು."

ಹಾಗೆ ಅಂದು ಮಧ್ಯಾಹ್ನ ಹಾರ್ಲಿಂಗನ್ನಿನ ಕಾಲುವೆಗುಂಟ ವಿಚಿತ್ರ ಮೆರವಣಿಗೆಯೊಂದು ಹೊರಟಿತು. ಮುಂದೆ ಎಂಜಿನ್ ಎಣ್ಣೆಯ ಕಲೆಯಿದ್ದ ಮೇಲಂಗಿಯಲ್ಲಿ ಆಫ್ಕೆ. ಹಿಂದೆ ಕಂಬಳಿ ಹೊದ್ದವರು, ಮೇಜುಬಟ್ಟೆ ಸುತ್ತಿಕೊಂಡವರು. ಕಡೆಗೆ ಹಿಸ್ಕೆಯ ಹೂವಿನ ಸ್ನಾನದಂಗಿ ತೊಟ್ಟ ಫೋಕೆ ಚಿಕ್ಕಪ್ಪ. ಇಷ್ಟು ಒಳ್ಳೆಯ ಹುಟ್ಟುಹಬ್ಬಕ್ಕೆ ತಾನು ಹೋಗಿಯೇ ಇಲ್ಲವೆಂದು ಅವನು ಎದುರಾದವರಿಗೆಲ್ಲ ಹೇಳುತ್ತಿದ್ದ.

ಗಂಡ ಹೆಂಡತಿ ಸ್ನಾನದ ತೊಟ್ಟಿಯ ಪಕ್ಕ ಮಂಡಿಯೂರಿ ಕೋಟುಗಳನ್ನು ಉಜ್ಜುತ್ತಿದ್ದರು. ಕಿಟಕಿಯಿಂದ ಇನ್ನೂ ಬೆಳಕು ಬರುತ್ತಿತ್ತು. ಆರನೆಯ ಕೋಟಿಗೆ ಬಂದಾಗ ಹಿಸ್ಕೆ ಕೇಳಿದಳು:

"ತೂತು ಕೊರೆಯೋ ಮುಂಚೆ ಯಾಕೆ ಕೇಳಲಿಲ್ಲ?"

"ನೀನು ಬೇಡ ಅಂತಿದ್ದೆ."

"ಹೂಂ, ಬೇಡ ಅಂತಿದ್ದೆ."

ಅವಳು ಕೋಟು ಹಿಂಡಿದಳು. ಅವನು ಇನ್ನೊಂದು ತುದಿ ಹಿಡಿದುಕೊಂಡ.

"ಆಮೇಲೆ ಸರಿಯಾದ ಜಾಗ ತೋರಿಸ್ತಿದ್ದೆ," ಅಂದಳು.

"ಎಲ್ಲಿ?"

"ನಿನ್ನ ಪಕ್ಕದಲ್ಲಿ."

"ಅಲ್ಲಿ ತೊಲೆ ಇದೆ."

"ಬೀರುವನ್ನ ಹೊರಗೆ ಹಾಕಿ ಮಂಚ ತಿರುಗಿಸಿದ್ರೆ?"

ಗೊಸ್ಸೆ ಯೋಚಿಸಿದ. ಇದು ಅವನ ತಲೆಗೆ ಹೊಳೆದೇ ಇರಲಿಲ್ಲ. ಒದ್ದೆ ಕೈ ಒರೆಸಿಕೊಂಡು ಅಳತೆಪಟ್ಟಿ ತರಲು ಎದ್ದ. ಬಾಗಿಲ ತನಕ ಹೋದವನು ತಿರುಗಿ ನಿಂತ.

"ಹಿಸ್ಕೆ, ಪಟ್ಟಿಯ ಆ ಕೊನೆ ಹಿಡ್ಕೊಳ್ತೀಯಾ?"